‘ಲಟಕ್’ ಅನ್ನಿಸುವ ಚಿಕಿತ್ಸೆ: ಕೈರೋಪ್ರಾಕ್ಟಿಕ್ ಬಗ್ಗೆ ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಶಿವಮೊಗ್ಗದಲ್ಲಿ ಫಿಸಿಯೋಥೆರಪಿ ಮಾಡುವವಳು. ತವರು ಹೊಸನಗರದ ಕಡೆ, ಅಡಿಕೆ ತೋಟದ ಮನೆ. ಹಾಗಾಗಿ ಸೊಂಟ ನೋವು ನನಗೆ ಕ್ಲಿನಿಕ್ಕಿನಲ್ಲೂ ಸಿಗುತ್ತದೆ, ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಸಿಗುತ್ತದೆ. ಈಚೆಗೆ ಬರುವವರು ಮೊದಲು ನೋವು ಹೇಳುವುದಿಲ್ಲ, ಮೊಬೈಲ್ ತೆಗೆದು ಬೆನ್ನು ಕುತ್ತಿಗೆ ‘ಲಟಕ್’ ಅನ್ನಿಸುವ ವಿಡಿಯೋ ತೋರಿಸುತ್ತಾರೆ. ‘ನೀವು ಹಿಂಗೆ ಮಾಡ್ತೀರಾ ಮೇಡಂ?’ ಅಂತ. ಹಾಗೆ ಕೇಳಿದವರ, ಫೋನ್ ಮಾಡಿದವರ, ಬರೆದು ಕಳಿಸಿದವರ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ನಾನು ಕೈರೋಪ್ರಾಕ್ಟರ್ ಅಲ್ಲ. ಫಿಸಿಯೋದವಳ ಪಕ್ಷಪಾತ ಸ್ವಲ್ಪ ಇದ್ದೀತು, ಅದನ್ನು ಕಳೆದುಕೊಂಡು ಓದಿ.

## ಮೊದಲಿಗೆ

ಕೈರೋಪ್ರಾಕ್ಟಿಕ್ ಅಂದ್ರೆ ಎಂಥದ್ದು ಮಾರಾಯ್ರೆ? ಮಸಾಜಾ?

ಅಲ್ಲ. ಮಸಾಜಿನಲ್ಲಿ ಮಾಂಸಖಂಡವನ್ನು ತಿಕ್ಕುತ್ತಾರೆ. ಇಲ್ಲಿ ಕೀಲಿಗೆ ಕೈ ಹಾಕುತ್ತಾರೆ, ಅದರಲ್ಲೂ ಬೆನ್ನುಮೂಳೆಯ ಕೀಲುಗಳಿಗೆ. ನಮ್ಮ ಬೆನ್ನುಮೂಳೆ ಮಣಿಸರದ ಹಾಗೆ. ಕುತ್ತಿಗೆಯಲ್ಲಿ 7 ಮಣಿ, ಎದೆಯ ಹಿಂದೆ 12, ಸೊಂಟದಲ್ಲಿ 5. ಅದರ ಕೆಳಗಿನವು ಒಂದಕ್ಕೊಂದು ಕೂಡಿಕೊಂಡು ಬಿಟ್ಟಿರುತ್ತವೆ. ಬಿಗಿಯಾಗಿದೆ ಅನ್ನಿಸಿದ ಕೀಲನ್ನು ಅದರ ಅಂಚಿನವರೆಗೆ ತಿರುಗಿಸಿ, ಅಲ್ಲಿಂದ ಚುರುಕಾಗಿ ಒಂದು ಸಣ್ಣ ತಳ್ಳು ಕೊಡುತ್ತಾರೆ. ಅದಕ್ಕೆ ‘ಅಡ್ಜಸ್ಟ್‌ಮೆಂಟ್’ ಅನ್ನುತ್ತಾರೆ. ಮಾತ್ರೆ ಇಲ್ಲ, ಆಪರೇಶನ್ ಇಲ್ಲ. ಹೆಸರೂ ಗ್ರೀಕ್ ಭಾಷೆಯಿಂದ ಬಂದದ್ದು, ‘ಕೈಯಿಂದ ಮಾಡಿದ್ದು’ ಅಂತ ಅರ್ಥ. ಕನ್ನಡದ ‘ಕೈ’ಗೂ ಅದಕ್ಕೂ ಸಂಬಂಧ ಇಲ್ಲ, ಆದರೆ ನೆನಪಿಡಲು ಸುಲಭ ಆಯ್ತು ನೋಡಿ.

ಇದು ಚೀನಾದವ್ರ ವಿದ್ಯೆಯಾ? ನಮ್ಮ ಋಷಿಮುನಿಗಳದ್ದು ಅಂತಾನೂ ಯಾರೋ ಹೇಳಿದ್ರು.

ಎರಡೂ ಅಲ್ಲ, ಅಮೆರಿಕದ್ದು. ಶುರು ಮಾಡಿದವರು ಡಿ.ಡಿ. ಪಾಮರ್. ಹುಟ್ಟಿದ್ದು ಕೆನಡಾದಲ್ಲಿ. ಕಿರಾಣಿ ಅಂಗಡಿ ನಡೆಸಿ, ಆಮೇಲೆ ಕೈಯಿಂದ ‘ಅಯಸ್ಕಾಂತ ಶಕ್ತಿ’ ಹರಿಸಿ ರೋಗ ವಾಸಿ ಮಾಡುತ್ತೇನೆ ಎನ್ನುತ್ತಿದ್ದವರು. 1895ರ ಸೆಪ್ಟೆಂಬರಿನಲ್ಲಿ, ಅಯೋವಾ ರಾಜ್ಯದ ಡೇವನ್‌ಪೋರ್ಟ್ ಊರಿನಲ್ಲಿ, ಕಿವಿ ಸರಿಯಾಗಿ ಕೇಳಿಸದ ಹಾರ್ವಿ ಲಿಲ್ಲಾರ್ಡ್ ಎಂಬ ಕೆಲಸಗಾರನ ಬೆನ್ನು ಒತ್ತಿದರು. ಅವನಿಗೆ ಕಿವಿ ಕೇಳಿಸಿತು ಅಂತ ಪಾಮರ್ ಹೇಳಿಕೊಂಡರು. ಕಿವಿಯ ನರ ಮೆದುಳಿನಿಂದ ತಲೆಬುರುಡೆಯೊಳಗೇ ಕಿವಿಗೆ ಹೋಗುತ್ತದೆ, ಬೆನ್ನಿನ ದಾರಿ ಹಿಡಿಯುವುದೇ ಇಲ್ಲ. ಆ ಕತೆಯನ್ನು ನಾನಂತೂ ನಂಬುವುದಿಲ್ಲ. 1897ರಲ್ಲಿ ಶಾಲೆ ತೆರೆದರು. 1906ರಲ್ಲಿ ಪರವಾನಗಿ ಇಲ್ಲದೆ ವೈದ್ಯ ಮಾಡಿದ್ದಕ್ಕೆ ಜೈಲಿಗೂ ಹೋಗಿ ಬಂದರು. ವಿದ್ಯೆಯನ್ನು ಊರೂರಿಗೆ ಹಬ್ಬಿಸಿದ್ದು ಹೆಚ್ಚಾಗಿ ಅವರ ಮಗ ಬಿ.ಜೆ. ಪಾಮರ್.

ನಮ್ಮೂರಲ್ಲಿ ಉಳುಕು ತೆಗೆಯೋರು ಇದ್ದಾರಲ್ಲ, ಅವ್ರು ಮಾಡೋದೂ ಇದೇ ತಾನೆ?

ಕೈ ಓಡುವ ರೀತಿ ಕೆಲವು ಸಲ ಒಂದೇ ತರಹ ಕಾಣುತ್ತದೆ. ಮೂಳೆ ಕಟ್ಟುವವರು, ಉಳುಕು ತೆಗೆಯುವವರು ಎಲ್ಲಾ ದೇಶಗಳಲ್ಲೂ ಇದ್ದರು. ನಮ್ಮ ಅಪ್ಪಯ್ಯನಿಗೆ ಅಡಿಕೆ ಮೂಟೆ ಎತ್ತುವಾಗ ಸೊಂಟ ಹಿಡಿದರೆ ಪಕ್ಕದೂರಿನ ಒಬ್ಬರು ಎಣ್ಣೆ ಹಚ್ಚಿ ನೀವಿ, ಕೊನೆಗೆ ಒಂದು ತಿರುವು ಕೊಡುತ್ತಿದ್ದರು. ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟಕ್ಕೆ ಒದೆಸಿಕೊಂಡರೆ ಉಳುಕು ಹೋಗುತ್ತದೆ ಎಂಬ ನಂಬಿಕೆಯೂ ಇದೆ ಅಲ್ವಾ? ಅದು ಕೈರೋಪ್ರಾಕ್ಟಿಕ್ ಅಲ್ಲ ಬಿಡಿ.

ವ್ಯತ್ಯಾಸ ಇರುವುದು ಓದಿನಲ್ಲಿ. ಸರಿಯಾಗಿ ಕಲಿತ ಕೈರೋಪ್ರಾಕ್ಟರ್‌ಗೆ ನರ ಪರೀಕ್ಷೆ ಮಾಡಲು, ಎಕ್ಸ್‌ರೇ ನೋಡಲು, ‘ಇದು ನನ್ನ ಕೈಯದ್ದಲ್ಲ, ಆಸ್ಪತ್ರೆಗೆ ಹೋಗಿ’ ಅನ್ನಲು ಗೊತ್ತಿರಬೇಕು. ಆ ಕೊನೆಯ ಮಾತು ಹೇಳುವ ನಾಟಿ ವೈದ್ಯರನ್ನೂ ಕಂಡಿದ್ದೇನೆ, ಹೇಳದ ಡಿಗ್ರಿಯವರನ್ನೂ ಕಂಡಿದ್ದೇನೆ.

ಅವ್ರು ಡಾಕ್ಟ್ರಾ? ಬೋರ್ಡಲ್ಲಿ ‘ಡಾ.’ ಅಂತ ಇದೆಯಲ್ಲ.

ಎಂಬಿಬಿಎಸ್ ಡಾಕ್ಟರ್ ಅಲ್ಲ. ಅಮೆರಿಕದಲ್ಲಿ ಕಾಲೇಜು ಓದಿದ ಮೇಲೆ ಸುಮಾರು ನಾಲ್ಕು ವರ್ಷ ಓದಿ ‘ಡಾಕ್ಟರ್ ಆಫ್ ಕೈರೋಪ್ರಾಕ್ಟಿಕ್’ ಎಂಬ ಪದವಿ ಪಡೆಯುತ್ತಾರೆ, ಪರೀಕ್ಷೆ ಪಾಸಾಗಿ ಪರವಾನಗಿ ತೆಗೆದುಕೊಳ್ಳುತ್ತಾರೆ. ನಮ್ಮಲ್ಲಿ ಅಲೋಪಥಿಗೆ, ಆಯುರ್ವೇದಕ್ಕೆ, ಹೋಮಿಯೋಪಥಿಗೆ ಇರುವಂಥ ಕೌನ್ಸಿಲ್ ಕೈರೋಪ್ರಾಕ್ಟಿಕ್‌ಗೆ ಇಲ್ಲ. ಆಯುಷ್ ಪಟ್ಟಿಯಲ್ಲೂ ಅದು ಇಲ್ಲ.

ಅದಕ್ಕೇ ಬೋರ್ಡಿನ ಹಿಂದೆ ಯಾರು ಬೇಕಾದರೂ ಇರಬಹುದು. ಹೊರದೇಶದಲ್ಲಿ ಓದಿ ಬಂದವರು, ಫಿಸಿಯೋ ಓದಿ ಮೇಲೆ ಈ ವಿದ್ಯೆ ಕಲಿತವರು, ನಾಲ್ಕು ದಿನದ ತರಬೇತಿಗೆ ಹೋಗಿ ಬಂದವರು, ವಿಡಿಯೋ ನೋಡಿ ಕಲಿತವರು. ನಾವು ಫಿಸಿಯೋ ಓದಿದ್ದು ನಾಲ್ಕೂವರೆ ವರ್ಷ. ‘ನೀವು ಎಲ್ಲಿ, ಎಷ್ಟು ವರ್ಷ ಓದಿದ್ದು?’ ಅಂತ ಕೇಳಿ. ಕೇಳಿದ್ದಕ್ಕೆ ಸಿಟ್ಟು ಬಂದರೆ ಉತ್ತರ ಸಿಕ್ಕಿತು ಅಂತ ತಿಳಿಯಿರಿ.

## ಮೇಜಿನ ಮೇಲೆ

ಹೋದ್ರೆ ಏನೇನು ಮಾಡ್ತಾರೆ? ಸೀದಾ ಮುರಿಯೋದೇನಾ?

ಸೀದಾ ಮುರಿಯಲು ಬಂದರೆ ಎದ್ದು ಬನ್ನಿ. ಮೊದಲು ಮಾತಾಡಬೇಕು. ನೋವು ಯಾವಾಗ ಶುರುವಾಯ್ತು, ಕಾಲಿಗೆ ಇಳಿಯುತ್ತದಾ, ಏನು ಕೆಲಸ ಮಾಡುತ್ತೀರಿ, ಬಿದ್ದಿದ್ದೀರಾ, ಯಾವ ಮಾತ್ರೆ ನುಂಗುತ್ತೀರಿ, ಇವೆಲ್ಲ. ಆಮೇಲೆ ಮಲಗಿಸಿ ಕಾಲನ್ನು ನೇರವಾಗಿ ಎತ್ತಿ ನೋಡುತ್ತಾರೆ, ಮಂಡಿಗೆ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾರೆ, ಹೆಬ್ಬೆರಳಿನ ಬಲ ನೋಡುತ್ತಾರೆ.

ಆಮೇಲೆ ಮೇಜು. ಬೋರಲು ಮಲಗಿದಾಗ ಉಸಿರಾಡಲು ಮುಖದ ಜಾಗದಲ್ಲಿ ತೂತು ಇರುತ್ತದೆ. ಸೊಂಟಕ್ಕಾದರೆ ಮಗ್ಗುಲಾಗಿ ಮಲಗಿಸಿ, ಮೇಲಿನ ಮಂಡಿ ಮಡಚಿ, ಭುಜ ಒಂದು ಕಡೆ, ಸೊಂಟ ಇನ್ನೊಂದು ಕಡೆ ತಿರುಗಿಸಿ ತಳ್ಳುತ್ತಾರೆ. ಆ ತಳ್ಳು ಕಣ್ಣು ಮಿಟುಕಿಸುವಷ್ಟು ಹೊತ್ತೂ ಇರುವುದಿಲ್ಲ. ಕೆಲವು ಮೇಜುಗಳಲ್ಲಿ ಒತ್ತಿದಾಗ ಒಂದು ಭಾಗ ಸ್ವಲ್ಪ ಕೆಳಗೆ ಕುಸಿಯುತ್ತದೆ, ‘ಧಡ್’ ಅಂತ ಸದ್ದಾಗುವುದು ಅದರದ್ದೇ. ವಯಸ್ಸಾದವರಿಗೆ ಸ್ಪ್ರಿಂಗ್ ಇರುವ ಪೆನ್ನಿನಂಥ ಸಾಧನದಿಂದ ಮೆಲ್ಲಗೆ ಟಕ್ ಟಕ್ ಅನ್ನಿಸುವುದೂ ಇದೆ. ಒಳ್ಳೆಯವರು ಕೊನೆಗೆ ವ್ಯಾಯಾಮ ಹೇಳಿಕೊಡುತ್ತಾರೆ.

ಲಟಕ್ ಅಂತ ಸದ್ದು ಬರುತ್ತಲ್ಲ, ಮೂಳೆ ಜಾಗಕ್ಕೆ ಕೂತ್ಕೊಂಡಿದ್ದಾ?

ಎಲ್ಲಕ್ಕಿಂತ ಹೆಚ್ಚು ಸಲ ಕೇಳಿದ ಪ್ರಶ್ನೆ ಇದು. ಎಲ್ಲರಿಗೂ ಬೇಸರ ಆಗುವ ಉತ್ತರವೂ ಇದೇ: ಅಲ್ಲ.

ಕೀಲಿನೊಳಗೆ ಎಣ್ಣೆಯಂಥ ದ್ರವ ಇರುತ್ತದೆ. ಎರಡು ಒದ್ದೆ ಗಾಜಿನ ಹಲಗೆ ಒಂದಕ್ಕೊಂದು ಅಂಟಿಕೊಂಡಿದ್ದನ್ನು ಎಳೆದು ನೋಡಿ. ಎಳೆದಷ್ಟೂ ಬಿಡುವುದಿಲ್ಲ, ಆಮೇಲೆ ಪಟಕ್ಕನೆ ಬಿಡುತ್ತವೆ. ಕೀಲಿನ ಎರಡು ಮುಖಗಳೂ ಹಾಗೇ ದೂರ ಸರಿಯುತ್ತವೆ. ಒಳಗಿನ ಒತ್ತಡ ಒಮ್ಮೆಲೇ ಇಳಿದು ದ್ರವದಲ್ಲಿ ಕರಗಿದ್ದ ಗಾಳಿ ಹೊರಬಿದ್ದು ಗುಳ್ಳೆಯಾಗುತ್ತದೆ. ಆ ಹೊತ್ತಿನ ಸದ್ದೇ ಲಟಕ್. 2015ರಲ್ಲಿ ಕೆನಡಾದ ಸಂಶೋಧಕರು ಬೆರಳ ನೆಟಿಗೆ ಮುರಿಯುವುದನ್ನು ಎಂಆರ್‌ಐ ಯಂತ್ರದೊಳಗೇ ಚಿತ್ರೀಕರಿಸಿ ಇದನ್ನು ತೋರಿಸಿದರು. ಒಮ್ಮೆ ನೆಟಿಗೆ ಮುರಿದ ಬೆರಳು ಮತ್ತೆ ಸದ್ದು ಮಾಡಲು ಸುಮಾರು 20 ನಿಮಿಷ ಬೇಕು, ಗಾಳಿ ಮತ್ತೆ ಕರಗಬೇಕಲ್ಲ. ಅಜ್ಜಿ ದೃಷ್ಟಿ ತೆಗೆದು ಕೆನ್ನೆಯ ಪಕ್ಕ ನೆಟಿಗೆ ಮುರಿದಾಗ ಬಂದದ್ದೂ ಇದೇ ಸದ್ದು. ಅಜ್ಜಿಯ ಮೂಳೆ ಜಾಗ ತಪ್ಪಿತ್ತೇ? ಇಲ್ಲವಲ್ಲ.

ಹಾಗಾದರೆ ಹಗುರ ಅನ್ನಿಸುವುದು ಯಾಕೆ? ಕೀಲು ಜೋರಾಗಿ ಹಿಗ್ಗಿದಾಗ ಸುತ್ತಲಿನ ಬಿಗಿದ ಖಂಡ ಸ್ವಲ್ಪ ಹೊತ್ತು ಸಡಿಲವಾಗುತ್ತದೆ. ನರಗಳು ನೋವಿನ ಸುದ್ದಿ ಕಳಿಸುವುದೂ ಸ್ವಲ್ಪ ತಗ್ಗುತ್ತದೆ. ಇನ್ನೊಬ್ಬರು ಧೈರ್ಯವಾಗಿ ಮುಟ್ಟಿ ‘ಏನಾಗಿಲ್ಲ’ ಅಂದದ್ದೂ ಕೆಲಸ ಮಾಡುತ್ತದೆ, ಅದನ್ನು ಕಡಿಮೆ ಅಂತ ತಿಳಿಯಬೇಡಿ. ನೋವು ಇಳಿದ ಆ ಹೊತ್ತಿನಲ್ಲಿ ನಡೆದಾಡಿದರೆ, ಬಗ್ಗಿ ಎದ್ದರೆ ಲಾಭ. ಮನೆಗೆ ಹೋಗಿ ಮಲಗಿಬಿಟ್ಟರೆ ಅಷ್ಟೇ.

ಅಂದ ಹಾಗೆ, ನೆಟಿಗೆ ಮುರಿದರೆ ಸಂಧಿವಾತ ಬರುತ್ತದೆ ಅಂತ ಮಕ್ಕಳನ್ನು ಹೆದರಿಸುತ್ತಾರೆ. ಅಮೆರಿಕದ ಡೊನಾಲ್ಡ್ ಉಂಗರ್ ಎಂಬ ವೈದ್ಯರು 60 ವರ್ಷ ಎಡಗೈಯದ್ದು ಮಾತ್ರ ನೆಟಿಗೆ ಮುರಿದು, ಬಲಗೈ ಸುಮ್ನೆ ಬಿಟ್ಟು ನೋಡಿದರು. ಎರಡೂ ಕೈ ಒಂದೇ ತರಹ ಇದ್ದವು. 2009ರಲ್ಲಿ ಅವರಿಗೆ ಇಗ್ ನೊಬೆಲ್ ಎಂಬ ತಮಾಷೆಯ ಪ್ರಶಸ್ತಿ ಬಂತು.

ಸದ್ದೇ ಬರ್ಲಿಲ್ಲ. ದುಡ್ಡು ದಂಡ ಆಯ್ತಾ?

ಇಲ್ಲ. ಸದ್ದಿಗೂ ಗುಣಕ್ಕೂ ಲೆಕ್ಕ ಕೂಡುವುದಿಲ್ಲ. ಒತ್ತಿದ ಜಾಗದಲ್ಲೇ ಸದ್ದು ಬರಬೇಕೆಂದೂ ಇಲ್ಲ, ಎಷ್ಟೋ ಸಲ ಪಕ್ಕದ ಕೀಲು ಲಟಕ್ ಅಂದಿರುತ್ತದೆ. ವಿಡಿಯೋದವರು ಬೆನ್ನಿಗೆ ಮೈಕ್ ಸಿಕ್ಕಿಸಿಕೊಂಡು ಕೂರುವುದು ನೋಡುಗರಿಗಾಗಿ.

ನೋವಾಗುತ್ತಾ?

ತಳ್ಳುವಾಗ ಜಾಸ್ತಿ ಇಲ್ಲ. ಆಮೇಲೆ ಒಂದೆರಡು ದಿನ ಮೈಕೈ ನೋವು, ಸುಸ್ತು, ಕೆಲವರಿಗೆ ತಲೆನೋವು. ಮಳೆಗಾಲದ ಮೊದಲ ದಿನ ಗದ್ದೆ ನಾಟಿ ಮಾಡಿ ಬಂದ ಹಾಗೆ. ಎರಡು ದಿನ ಕಳೆದರೂ ನೋವು ಏರುತ್ತಲೇ ಇದ್ದರೆ ತಡ ಮಾಡದೆ ತೋರಿಸಿ.

## ಯಾವುದಕ್ಕೆ ಆಗುತ್ತೆ, ಯಾವುದಕ್ಕೆ ಆಗಲ್ಲ

ಸೊಂಟ ನೋವಿಗೆ ನಿಜವಾಗ್ಲೂ ಕೆಲಸ ಮಾಡುತ್ತಾ?

ಸ್ವಲ್ಪ ಮಾಡುತ್ತದೆ. ಅಮೆರಿಕದ ವೈದ್ಯರ ಸಂಘವೊಂದು 2017ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ, ಸೊಂಟ ನೋವಿಗೆ ಮಾತ್ರೆಗಿಂತ ಮೊದಲು ನೋಡಬಹುದಾದ ದಾರಿಗಳಲ್ಲಿ ಇದನ್ನೂ ಸೇರಿಸಿದೆ. ಜೊತೆಗೆ ಶಾಖ, ಮಸಾಜ್, ವ್ಯಾಯಾಮ, ಯೋಗ ಎಲ್ಲ ಇವೆ. ಬ್ರಿಟನ್ನಿನವರು 2016ರಲ್ಲಿ ಇನ್ನೂ ಬಿಗಿಯಾಗಿ ಹೇಳಿದರು: ಕೈಯ ಚಿಕಿತ್ಸೆ ಕೊಡುವುದಾದರೆ ವ್ಯಾಯಾಮದ ಜೊತೆ ಮಾತ್ರ ಕೊಡಿ, ಅದೊಂದನ್ನೇ ಬೇಡ. ಹಳೆಯ ಸೊಂಟ ನೋವಿನ 47 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ 2019ರ ವಿಮರ್ಶೆಯಲ್ಲಿ, ಇದು ವ್ಯಾಯಾಮದಂಥ ಬೇರೆ ಒಳ್ಳೆಯ ಚಿಕಿತ್ಸೆಗಳಷ್ಟೇ ಫಲ ಕೊಟ್ಟಿತ್ತು. ಅವಕ್ಕಿಂತ ಮೇಲಲ್ಲ.

ಇನ್ನೊಂದು ಮಾತು ಯಾವ ಬೋರ್ಡಿನಲ್ಲೂ ಬರೆದಿರುವುದಿಲ್ಲ. ಹೊಸದಾಗಿ ಹಿಡಿದ ಸೊಂಟ ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾನಾಗೇ ಬಿಡುತ್ತದೆ. ಮೂರನೇ ವಾರ ಯಾರ ಹತ್ತಿರ ಹೋಗಿರುತ್ತೀರೋ ಹೆಸರು ಅವರಿಗೆ. ನನಗೂ ಹಾಗೆ ಪುಕ್ಕಟೆ ಹೆಸರು ಬಂದದ್ದುಂಟು.

ಎಂಆರ್‌ಐಲಿ ಡಿಸ್ಕ್ ಜಾರಿದೆ ಅಂತ ಬಂದಿದೆ. ಒತ್ತಿ ಒಳಗೆ ಕೂರಿಸ್ತಾರಾ?

ಡಿಸ್ಕ್ ಜಾರುವುದೂ ಇಲ್ಲ, ಒತ್ತಿದರೆ ಒಳಗೆ ಹೋಗುವುದೂ ಇಲ್ಲ. ಅದು ಎರಡು ಮಣಿಗಳಿಗೆ ಗಟ್ಟಿಯಾಗಿ ಅಂಟಿಕೊಂಡ ಮೆತ್ತೆ. ಉಬ್ಬಬಹುದು, ಸೀಳಿ ಒಳಗಿನ ತಿರುಳು ಹೊರಗೆ ಬರಬಹುದು. ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟು ಮಾಡಿ ನೋಡಿದಾಗ, 50ರ ವಯಸ್ಸಿನವರಲ್ಲಿ ನೂರಕ್ಕೆ 60 ಜನರ ಡಿಸ್ಕ್ ಉಬ್ಬಿತ್ತು. ಅಂದರೆ ರಿಪೋರ್ಟಿನಲ್ಲಿರುವ ಉಬ್ಬೇ ನಿಮ್ಮ ನೋವಿಗೆ ಕಾರಣ ಅಂತ ಹೇಳಲು ಬರುವುದಿಲ್ಲ. ಹೊರಬಂದ ತಿರುಳು ಎಷ್ಟೋ ಜನರಿಗೆ ತಿಂಗಳುಗಳಲ್ಲಿ ತಾನಾಗಿ ಕುಗ್ಗುತ್ತದೆ.

ನೋವು ಮಂಡಿ ದಾಟಿ ಪಾದದವರೆಗೆ ಇಳಿಯುತ್ತಿದ್ದರೆ, ಜೋಮು ಹಿಡಿಯುತ್ತಿದ್ದರೆ, ಮೊದಲು ಮೂಳೆ ಡಾಕ್ಟರಿಗೆ ತೋರಿಸಿ. ಆ ಸ್ಥಿತಿಯಲ್ಲಿ ಜೋರಾಗಿ ತಿರುಚಿಸಿಕೊಳ್ಳಲು ಹೋಗಬೇಡಿ.

ಶುಗರ್, ಬಿಪಿ, ಅಸ್ತಮಾ ಎಲ್ಲಾ ವಾಸಿ ಆಗುತ್ತೆ ಅಂತಾರೆ, ಹೌದಾ?

ಇಲ್ಲ. ಹಾಗೆ ಹೇಳಿದವರ ಹತ್ತಿರ ಸೊಂಟವನ್ನೂ ತೋರಿಸಬೇಡಿ. ಇನ್ಸುಲಿನ್, ಇನ್‌ಹೇಲರ್ ನಿಲ್ಲಿಸಬೇಡಿ.

ಕೂಸು ರಾತ್ರಿಯೆಲ್ಲ ಅಳುತ್ತೆ. ಮಕ್ಕಳಿಗೂ ಮಾಡ್ತಾರಂತೆ?

ಹೊರದೇಶದಲ್ಲಿ ಮಾಡುವವರಿದ್ದಾರೆ. 2019ರಲ್ಲಿ ಆಸ್ಟ್ರೇಲಿಯಾದಲ್ಲಿ ಎರಡು ವಾರದ ಮಗುವಿಗೆ ಹೀಗೆ ಮಾಡಿದ ವಿಡಿಯೋ ಹರಡಿ ದೊಡ್ಡ ಗಲಾಟೆಯಾಯ್ತು. 12 ವರ್ಷದೊಳಗಿನವರ ಬೆನ್ನುಮೂಳೆಗೆ ಕೈ ಹಾಕಬಾರದು ಅಂತ ಅಲ್ಲಿನ ಕೈರೋಪ್ರಾಕ್ಟಿಕ್ ಮಂಡಳಿಯೇ ಆಗ ತಡೆ ಹಾಕಿತು. ಕೂಸಿನ ಅಳುವಿಗೆ ಇದರಿಂದ ಗುಣ ಆಗುತ್ತದೆ ಅನ್ನಲು ಗಟ್ಟಿ ಆಧಾರ ಇಲ್ಲ. ಮಕ್ಕಳ ಡಾಕ್ಟರಿಗೆ ತೋರಿಸಿ. ಅಜ್ಜಿಯ ಎಣ್ಣೆ ಸ್ನಾನ ಮೆತ್ತಗೆ ಇದ್ದರೆ ಸಾಕು, ಕಾಲು ಹಿಡಿದು ಕುಲುಕುವುದು ಬೇಡ.

ನಮ್ಮ ಮನೇಲಿ ಹಂದಿಗೋಡು ಕಾಯಿಲೆ ಇದೆ. ಇದರಿಂದ ಏನಾದ್ರೂ ಆಗುತ್ತಾ?

ಸಾಗರದ ಕಡೆಯವರು ಕೇಳಿದ್ದು. ಗೊತ್ತಿಲ್ಲದವರಿಗೆ: ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ಕಾಯಿಲೆ ಇದು. ಸೊಂಟದ ಕೀಲು, ಮಂಡಿ, ಕೆಲವರಿಗೆ ಬೆನ್ನುಮೂಳೆಯೂ ಸವೆದು ಸೊಟ್ಟಗಾಗುತ್ತವೆ. ವಂಶದಲ್ಲಿ ಇಳಿದು ಬರುತ್ತದೆ. ಇಲ್ಲಿ ಕೀಲಿನ ಮೂಳೆ ಬೆಳೆದ ರೀತಿಯಲ್ಲೇ ತೊಂದರೆ ಇರುವುದರಿಂದ, ಹೊರಗಿನಿಂದ ತಳ್ಳಿದರೆ ಏನೂ ಸರಿಹೋಗುವುದಿಲ್ಲ. ಸವೆದ ಕೀಲಿಗೆ ಪೆಟ್ಟಾಗಬಹುದು. ಖಂಡಗಳಿಗೆ ಬಲ ತುಂಬುವ ಮೆಲು ವ್ಯಾಯಾಮ, ಊರುಗೋಲು, ಮೂಳೆ ವೈದ್ಯರ ಸಲಹೆ, ಈ ದಾರಿಯಲ್ಲಿ ಹೋಗಿ.

## ಅಪಾಯದ ಮಾತು

ಕಟಿಂಗ್ ಶಾಪಲ್ಲಿ ತಲೆ ತಿಕ್ಕಿ ಕುತ್ತಿಗೆ ಲಟಕ್ ಅನ್ನಿಸ್ತಾರೆ. ಅಷ್ಟು ಚೆನ್ನಾಗಿರುತ್ತೆ, ಅದ್ರಲ್ಲಿ ಏನು ತಪ್ಪು?

ತಲೆ ತಿಕ್ಕಿಸಿಕೊಳ್ಳಿ. ಕುತ್ತಿಗೆ ತಿರುಗಿಸಲು ಬಿಡಬೇಡಿ.

ಮೆದುಳಿಗೆ ರಕ್ತ ಒಯ್ಯುವ ನಾಲ್ಕು ದೊಡ್ಡ ನಾಳಗಳು ಕುತ್ತಿಗೆಯಲ್ಲಿವೆ. ಅವುಗಳಲ್ಲಿ ಎರಡು ಕುತ್ತಿಗೆ ಮಣಿಗಳ ಬದಿಯ ತೂತುಗಳೊಳಗೇ ಹಾದು ಹೋಗುತ್ತವೆ. ಕುತ್ತಿಗೆಯನ್ನು ರಪ್ಪನೆ ತಿರುಗಿಸಿದಾಗ ನಾಳದ ಒಳಪದರ ಹರಿಯಬಹುದು. ಹರಿದಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋದರೆ ಪಾರ್ಶ್ವವಾಯು. ಇದು ಬಹಳ ಅಪರೂಪ. ಆದರೆ ಆದವರು ಹೆಚ್ಚಾಗಿ ವಯಸ್ಸಾದವರಲ್ಲ. ಬಳ್ಳಾರಿ ಕಡೆಯ ಯುವಕನೊಬ್ಬನಿಗೆ ಸೆಲೂನಿನಲ್ಲಿ ಹೀಗೇ ಆಗಿ ಪಾರ್ಶ್ವವಾಯು ಹೊಡೆದದ್ದು 2024ರಲ್ಲಿ ಪೇಪರಿನಲ್ಲೆಲ್ಲ ಬಂದಿತ್ತು.

ಕೈರೋಪ್ರಾಕ್ಟರ್‌ಗಳ ವಾದವೂ ಹೇಳಬೇಕು. ನಾಳ ಮೊದಲೇ ಹರಿಯಲು ಶುರುವಾಗಿ ಕುತ್ತಿಗೆ ನೋವು ಬಂದವರೇ ತಮ್ಮ ಹತ್ತಿರ ಬಂದಿರುತ್ತಾರೆ ಅನ್ನುತ್ತಾರೆ. ಕೆನಡಾದ ಒಂದು ದೊಡ್ಡ ಅಧ್ಯಯನದಲ್ಲಿ, ಕೈರೋಪ್ರಾಕ್ಟರ್ ಭೇಟಿಗೂ ಈ ಪಾರ್ಶ್ವವಾಯುವಿಗೂ ಕಂಡ ಸಂಬಂಧವೇ ಮಾಮೂಲಿ ಡಾಕ್ಟರ ಹತ್ತಿರ ಹೋದವರಲ್ಲೂ ಕಂಡಿತ್ತು. ಇರಬಹುದು. ಆದರೂ ನನ್ನ ತೀರ್ಮಾನ ಒಂದೇ. ಕುತ್ತಿಗೆ ನೋವಿಗೆ ವ್ಯಾಯಾಮದಂಥ ಬೇರೆ ದಾರಿ ಇರುವಾಗ ಈ ಅಪಾಯ ಯಾಕೆ? ನಾನು ಯಾರ ಕುತ್ತಿಗೆಯನ್ನೂ ಹಾಗೆ ತಿರುಗಿಸುವುದಿಲ್ಲ. ಗದ್ದಕ್ಕೆ ಪಟ್ಟಿಯೋ ಟವಲ್ಲೋ ಸಿಕ್ಕಿಸಿ ಜಗ್ಗುವ ವಿಡಿಯೋಗಳನ್ನು ನೋಡಿದರೆ ನನ್ನ ಹೊಟ್ಟೆ ಕಿವುಚುತ್ತದೆ.

ತಿರುಗಿಸಿದ ಮೇಲೆ ತಲೆ ಸುತ್ತು, ಮಾತು ತೊದಲುವುದು, ಎರಡೆರಡು ಕಾಣುವುದು, ನುಂಗಲು ಕಷ್ಟ, ಮುಖ ಮರಗಟ್ಟುವುದು, ಹಿಂದೆಂದೂ ಬರದಂಥ ಕುತ್ತಿಗೆ ನೋವು, ಇವುಗಳಲ್ಲಿ ಯಾವುದಾದರೂ ಕಂಡರೆ 108ಕ್ಕೆ ಫೋನ್ ಮಾಡಿ.

ಯಾರು ಹೋಗ್ಲೇಬಾರ್ದು?

ಮೂಳೆ ಸವೆತ ಜೋರಾಗಿರುವವರು, ವರ್ಷಗಟ್ಟಲೆ ಸ್ಟೀರಾಯ್ಡ್ ನುಂಗಿದವರು, ರಕ್ತ ತೆಳುವಾಗುವ ಮಾತ್ರೆಯಲ್ಲಿರುವವರು, ಕ್ಯಾನ್ಸರ್ ಆಗಿದ್ದವರು. ಈಚೆಗೆ ಮರದಿಂದಲೋ ಬೈಕಿನಿಂದಲೋ ಬಿದ್ದವರು ಎಕ್ಸ್‌ರೇ ಆಗುವವರೆಗೆ ಬೇಡ. ಅಡಿಕೆ ಕೊನೆ ಕೊಯ್ಯುವಾಗ ಜಾರಿ ಬಿದ್ದು, ಮೂರನೇ ದಿನ ಸೊಂಟ ತಿಕ್ಕಿಸಲು ಬಂದವರಿದ್ದಾರೆ. ಮಣಿ ಮುರಿದಿತ್ತು.

ಮೂತ್ರ ನಿಂತರೆ, ಅಥವಾ ಗೊತ್ತಾಗದೇ ಹೋಗುತ್ತಿದ್ದರೆ, ಕೂರುವ ಜಾಗ ಮರಗಟ್ಟಿದರೆ, ಕಾಲಿನ ಬಲ ದಿನೇ ದಿನೇ ಕುಗ್ಗುತ್ತಿದ್ದರೆ ಆ ದಿನವೇ ಶಿವಮೊಗ್ಗದ ಮೆಗ್ಗಾನ್‌ಗೋ ಹತ್ತಿರದ ದೊಡ್ಡ ಆಸ್ಪತ್ರೆಗೋ ಹೋಗಬೇಕು. ಬೆಳಗಾಗಲಿ ಅಂತ ಕಾಯಬೇಡಿ.

ಜ್ವರದ ಜೊತೆ ಬೆನ್ನು ನೋವಿದ್ದರೆ ಅದು ಕೀಲಿನ ಮಾತೇ ಅಲ್ಲ. ಸಂಜೆ ಜ್ವರ, ತೂಕ ಇಳಿಯುವುದು, ರಾತ್ರಿ ಹೆಚ್ಚಾಗುವ ಬೆನ್ನು ನೋವು ಇದ್ದರೆ ಬೆನ್ನುಮೂಳೆಯ ಕ್ಷಯ ಇರಬಹುದು. ಡಿಸೆಂಬರಿನಿಂದ ಮೇ ಒಳಗೆ, ದರಗು ಗುಡಿಸಲೋ ಸೊಪ್ಪು ತರಲೋ ಕಾಡಿಗೆ ಹೋಗಿ ಬಂದು ಒಮ್ಮೆಲೇ ಜ್ವರ, ತಲೆನೋವು, ಮೈ ಸೊಂಟ ಮುರಿದ ಹಾಗೆ ನೋವು ಬಂದರೆ ಮಂಗನ ಕಾಯಿಲೆಯ ಪರೀಕ್ಷೆ ಮಾಡಿಸಿ. 1957ರಲ್ಲಿ ನಮ್ಮ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲೇ ಮೊದಲು ಗುರುತಿಸಿದ ಕಾಯಿಲೆ ಅದು. ಉಣುಗು ಕಚ್ಚಿ ಬಂದ ನೋವು ಯಾವ ಮೇಜಿನ ಮೇಲೂ ಹೋಗುವುದಿಲ್ಲ.

ಮನೇಲಿ ಮೊಮ್ಮಗನ್ನ ಬೆನ್ನ ಮೇಲೆ ಹತ್ತಿಸಿ ತುಳಿಸ್ಕೊಳ್ತೀನಿ. ಸಾಲದಾ?

ಮೊಮ್ಮಗನ ವಯಸ್ಸು ಎಷ್ಟು? ಮೂರಾದರೆ ಸರಿ, ಹದಿಮೂರಾದರೆ ಬೇಡ. ನಿಮಗೆ 60 ದಾಟಿದ್ದರೆ ಎರಡೂ ಬೇಡ, ಪಕ್ಕೆಲುಬು ಬಿರುಕು ಬಿಟ್ಟೀತು. ಬಿಸಿನೀರಿನ ಚೀಲ ಇಟ್ಟುಕೊಳ್ಳಿ.

## ಸ್ವಲ್ಪ ಆಳಕ್ಕೆ

ಎಕ್ಸ್‌ರೇ ತೋರಿಸಿ ‘ಸಬ್‌ಲಕ್ಸೇಶನ್ ಇದೆ, ಬಿಟ್ರೆ ಎಲ್ಲಾ ಅಂಗ ಹಾಳಾಗುತ್ತೆ’ ಅಂದ್ರು. ಭಯ ಆಗಿದೆ.

ಭಯ ಬೇಡ. ಮಣಿ ಸ್ವಲ್ಪ ಅತ್ತಿತ್ತ ಆಗಿ ನರ ಒತ್ತಿ, ಅದರಿಂದ ದೇಹದ ರೋಗಗಳೆಲ್ಲ ಬರುತ್ತವೆ ಎಂಬುದು ಪಾಮರ್ ಕಾಲದ ಕಲ್ಪನೆ. ಅದಕ್ಕೇ ಸಬ್‌ಲಕ್ಸೇಶನ್ ಎಂಬ ಹೆಸರು. ಅದು ರೋಗಕ್ಕೆ ಕಾರಣ ಅನ್ನಲು ಸಂಶೋಧನೆಯ ಆಧಾರ ಇಲ್ಲ ಅಂತ ಬ್ರಿಟನ್ನಿನ ಕೈರೋಪ್ರಾಕ್ಟಿಕ್ ಕೌನ್ಸಿಲ್ಲೇ 2010ರಲ್ಲಿ ಹೇಳಿದೆ. ಮೂಳೆ ಡಾಕ್ಟರುಗಳೂ ‘ಸಬ್‌ಲಕ್ಸೇಶನ್’ ಅನ್ನುತ್ತಾರೆ, ಆದರೆ ಅವರದು ಕೀಲು ಅರ್ಧ ತಪ್ಪಿ ಎಕ್ಸ್‌ರೇಯಲ್ಲಿ ಕಣ್ಣಿಗೆ ಕಾಣುವ ಸ್ಥಿತಿ. ಹೆಸರು ಒಂದೇ, ವಿಷಯ ಬೇರೆ.

ಕೈರೋಪ್ರಾಕ್ಟರ್‌ಗಳಲ್ಲೇ ಈ ವಿಷಯಕ್ಕೆ ಎರಡು ಬಣ ಇದೆ. ಹಳೆಯ ನಂಬಿಕೆಯವರು ಒಂದು ಕಡೆ, ಸೊಂಟ ಕುತ್ತಿಗೆ ನೋವಿಗೆ ಮಾತ್ರ ನಮ್ಮ ಕೆಲಸ ಅನ್ನುವವರು ಇನ್ನೊಂದು ಕಡೆ. ಹೋಗುವುದಾದರೆ ಎರಡನೆಯವರನ್ನು ಹುಡುಕಿ.

24 ಸಿಟ್ಟಿಂಗ್ ಪ್ಯಾಕೇಜ್ ಅಂದ್ರು, ಮೊದ್ಲೇ ಕಟ್ಟಿದ್ರೆ ಡಿಸ್ಕೌಂಟ್ ಅಂತೆ. ಕಟ್ಲಾ?

ಬೇಡ. ನಾಲ್ಕಾರು ಸಲ ಹೋದ ಮೇಲೆ ಬಗ್ಗುವುದು, ನಡೆಯುವುದು, ನಿದ್ದೆ ಇವುಗಳಲ್ಲಿ ಬದಲಾವಣೆ ಕಾಣಬೇಕು. ಕಾಣದಿದ್ದರೆ ಇಪ್ಪತ್ತನೇ ಸಲಕ್ಕೂ ಕಾಣುವುದಿಲ್ಲ. ನೋವೇ ಇಲ್ಲದವರು ‘ಸರ್ವಿಸಿಂಗ್’ ಅಂತ ತಿಂಗಳು ತಿಂಗಳು ಹೋಗಬೇಕಾಗಿಲ್ಲ. ಬೆನ್ನು ಬೈಕ್ ಅಲ್ಲ.

ಡಾಕ್ಟ್ರುಗಳಿಗೆ ಇವ್ರನ್ನ ಕಂಡ್ರೆ ಯಾಕಾಗಲ್ಲ? ವ್ಯಾಪಾರ ಹೋಗುತ್ತೆ ಅಂತಾನಾ?

ಹಳೆಯ ಜಗಳ. ಅಮೆರಿಕದ ವೈದ್ಯ ಸಂಘ ತನ್ನ ಸದಸ್ಯರಿಗೆ ಕೈರೋಪ್ರಾಕ್ಟರ್‌ಗಳ ಜೊತೆ ಸೇರಿ ಕೆಲಸ ಮಾಡಬೇಡಿ ಅಂತ ಕಟ್ಟುಪಾಡು ಹಾಕಿತ್ತು. ಚೆಸ್ಟರ್ ವಿಲ್ಕ್ ಎಂಬ ಕೈರೋಪ್ರಾಕ್ಟರ್ ಮತ್ತು ಜೊತೆಯವರು 1976ರಲ್ಲಿ ಕೋರ್ಟಿಗೆ ಹೋದರು. 1987ರಲ್ಲಿ ಸಂಘದ್ದು ತಪ್ಪು ಅಂತ ತೀರ್ಪು ಬಂತು. ಈ ತೀರ್ಪನ್ನು ಹಿಡಿದು ‘ಕೈರೋಪ್ರಾಕ್ಟಿಕ್ ಸರಿ ಅಂತ ಕೋರ್ಟೇ ಹೇಳಿದೆ’ ಅನ್ನುವವರಿದ್ದಾರೆ. ಕೋರ್ಟು ನೋಡಿದ್ದು ಪೈಪೋಟಿಯ ಕಾನೂನನ್ನು, ಸೊಂಟ ನೋವನ್ನಲ್ಲ.

ಏನೇ ಹೇಳಿ, ನಾನು ಹೋಗೋದೇ. ಏನು ನೋಡ್ಕೊಂಡು ಹೋಗ್ಲಿ?

ಹೋಗಿ ಬನ್ನಿ, ನಾನೇನೂ ತಡೆಯುವುದಿಲ್ಲ. ಗೋಡೆ ಮೇಲೆ ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪತ್ರ ಇದೆಯಾ ನೋಡಿ, ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್‌ಗಳಿಗೆ ಅದು ಬೇಕು. ಹಳೆಯ ರಿಪೋರ್ಟು, ಮಾತ್ರೆ ಚೀಟಿ ಒಯ್ಯಿರಿ. ಕುತ್ತಿಗೆಗೆ ಬೇಡ ಅಂತ ಮೇಜು ಹತ್ತುವ ಮೊದಲೇ ಹೇಳಿ, ಮಲಗಿದ ಮೇಲೆ ಹೇಳಲು ಸಂಕೋಚ ಆಗುತ್ತದೆ. ಏನು ಮಾಡುತ್ತೀರಿ, ಯಾಕೆ ಅಂತ ಕೇಳಿ. ವಿಡಿಯೋ ಮಾಡಿ ಹಾಕುತ್ತೇವೆ ಅಂದರೆ ಬೇಡ ಅನ್ನುವ ಹಕ್ಕು ನಿಮಗಿದೆ. ಹೆಂಗಸರು ಜೊತೆಗೊಬ್ಬರನ್ನು ಕರೆದುಕೊಂಡು ಹೋದರೆ ಕ್ಲಿನಿಕ್ಕಿನವರು ಅದನ್ನು ಬೇಡ ಅನ್ನಬಾರದು.

ನೋವು ಹೋಯ್ತು. ಸುಗ್ಗಿ ಬಂತು, ಮತ್ತೆ ಹಿಡ್ಕೊಂತು. ಪ್ರತಿ ವರ್ಷ ಇದೇ ಕತೆ, ಏನ್ಮಾಡೋದು?

ಮೆಟ್ಟುಗತ್ತಿಯ ಮುಂದೆ ಬಗ್ಗಿ ಕೂತು ರಾತ್ರಿ ಹನ್ನೊಂದರವರೆಗೆ ಅಡಿಕೆ ಸುಲಿದರೆ ಯಾವ ಅಡ್ಜಸ್ಟ್‌ಮೆಂಟೂ ಬೆಳಗಿನವರೆಗೆ ನಿಲ್ಲುವುದಿಲ್ಲ. ಸುಗ್ಗಿಗೆ ಎರಡು ತಿಂಗಳು ಮೊದಲೇ ಬೆನ್ನು ಹೊಟ್ಟೆಯ ಖಂಡಗಳಿಗೆ ಬಲ ಬರುವ ವ್ಯಾಯಾಮ ಶುರು ಮಾಡಿ. ಸುಲಿಯಲು ಕೂರುವಾಗ ಕೆಳಗೆ ದಪ್ಪ ಚೀಲ ಮಡಚಿ ಹಾಕಿ, ಮಂಡಿಗಿಂತ ಸೊಂಟ ಸ್ವಲ್ಪ ಮೇಲಿರಲಿ. ಗೊಬ್ಬರದ ಹೆಡಿಗೆಯನ್ನು ಅರ್ಧ ತುಂಬಿ ಎರಡು ಸಲ ಹೊರಿ. ಮುಖ್ಯವಾಗಿ, ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ.

ಇದನ್ನು ನಮ್ಮ ಅತ್ತಿಗೆಗೆ ಮೂರು ವರ್ಷ ಹೇಳಿದೆ. ಹೂಂ ಅನ್ನುತ್ತಿದ್ದರು, ಏಳುತ್ತಿರಲಿಲ್ಲ. ಹೋದ ವರ್ಷ ಚಹಾದ ಫ್ಲಾಸ್ಕನ್ನೂ ಎಲೆಯಡಿಕೆ ತಟ್ಟೆಯನ್ನೂ ಅಂಗಳದ ಆಚೆ ತುದಿಯಲ್ಲಿ ಇಟ್ಟೆ. ಈಗ ಎಲ್ಲರೂ ಏಳುತ್ತಾರೆ.